ಹಲಗೆ ಕಾಯುವ ತನಕ

ತರಬೇತಿ ಯಾವುದೇ ಇರಲಿ, ಅದರ ಮೊದಲ ಅರ್ಧ ತಾಸು ಪರಿಚಯಕ್ಕೆ ಹೋಗುತ್ತದೆ. ಒಬ್ಬೊಬ್ಬರೇ ಎದ್ದು ನಿಂತು ಹೆಸರು, ಊರು, ಮಾಡುವ ಕೆಲಸ ಹೇಳಬೇಕು. ತಮ್ಮ ಸರದಿ ಬರುವ ತನಕ ಎಲ್ಲರೂ ತಮ್ಮ ತಮ್ಮ ಹೆಸರನ್ನೇ ಮನಸ್ಸಿನಲ್ಲಿ ಉರು ಹೊಡೆಯುತ್ತಿರುತ್ತಾರೆ, ಎಲ್ಲಿ ತಪ್ಪಿಹೋದೀತೋ ಎಂಬಂತೆ. ಸರದಿ ಮುಗಿದವರು ಬೆವರು ಒರೆಸಿಕೊಂಡು ಗಡಿಯಾರ ನೋಡುತ್ತಾರೆ. ಹೀಗಾಗಿ ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿಸಿಕೊಂಡಿರುವುದೇ ಇಲ್ಲ; ಕಿವಿಗೆ ಬೀಳುವುದು ಊರೊಂದೇ. ಕೆಲವರು ‘ನನ್ನ ಹವ್ಯಾಸ ಪುಸ್ತಕ ಓದುವುದು’ ಎಂದೂ ಸೇರಿಸುತ್ತಾರೆ. ಅದನ್ನು ಕೇಳಿಸಿಕೊಂಡವರೂ ನಂಬುವುದಿಲ್ಲ. ನಿಜವಾದ ಪರಿಚಯ ಆಗುವುದು ನಾಷ್ಟಾದ ಹೊತ್ತಿಗೆ, ಮಂಡಾಳ ಒಗ್ಗರಣಿಯ ತಾಟು ಕೈಗೆ ಬಂದು, ಮಿರ್ಚಿಯ ಖಾರಕ್ಕೆ ಮೂಗು ಸೋರತೊಡಗಿದಾಗ. “ನಿಮ್ಮದು ತಾವರಗೇರಿ ಅಂದ್ರಲ್ರೀ? ಅಲ್ಲಿಗೇ ನಮ್ಮ ಅಕ್ಕನ್ನ ಕೊಟ್ಟೀವಿ” ಎಂದು ಒಬ್ಬರು ಶುರು ಹಚ್ಚಿದರೆ ಆಯಿತು, ತರಬೇತಿ ಮುಗಿಯುವ ತನಕ ಆ ಇಬ್ಬರನ್ನು ಬೇರೆ ಬೇರೆ ಬೆಂಚಿನಲ್ಲಿ ಕೂರಿಸಲು ಯಾರಿಂದಲೂ ಆಗುವುದಿಲ್ಲ.

ಇಷ್ಟಿದ್ದರೂ ಪರಿಚಯಕ್ಕೆ ಹೊಸ ಹೊಸ ಉಪಾಯ ಹುಡುಕುವವರು ಇದ್ದೇ ಇದ್ದಾರೆ. ಚೆಂಡು ಎಸೆದು ಹೆಸರು ಹೇಳಿಸುವುದು, ಕಾಗದದ ಮೇಲೆ ಹಣ್ಣಿನ ಚಿತ್ರ ಬರೆಸಿ ‘ನೀವು ಈ ಹಣ್ಣಾಗಿದ್ದರೆ’ ಎಂದು ಕೇಳುವುದು, ಎಲ್ಲ ಬಂದು ಹೋದವು. ಐವತ್ತು ದಾಟಿದ ಮುಖ್ಯೋಪಾಧ್ಯಾಯರೊಬ್ಬರು ‘ನಾನು ಸೀತಾಫಲ’ ಎಂದು ಗಂಭೀರವಾಗಿ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಅದಾದ ಮೇಲೆ ಬಂದದ್ದು ಬಡಿಯುವ ಉಪಾಯ. ಎಲ್ಲರನ್ನೂ ಗುಂಡಗೆ ಕೂರಿಸಿ, ಎಲ್ಲರ ಕೈಗೂ ಒಂದೊಂದು ವಾದ್ಯ ಕೊಟ್ಟು, ಮಾತೇ ಇಲ್ಲದೆ ಬಡಿಸುವುದು. ಇದಕ್ಕೆ ಡ್ರಮ್ ಸರ್ಕಲ್ ಎನ್ನುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಥರ್ ಹಲ್ ಎಂಬವರು ಇದನ್ನೊಂದು ವಿದ್ಯೆಯಾಗಿಯೇ ಬೆಳೆಸಿ, 1998ರಲ್ಲಿ ಪುಸ್ತಕ ಬರೆದು, ನಡೆಸಿಕೊಡುವವರನ್ನು ತಯಾರು ಮಾಡಿದರು. ಅಲ್ಲಿ ಹೆಚ್ಚಾಗಿ ಬಳಸುವ ವಾದ್ಯ ಜೆಂಬೆ. ಪಶ್ಚಿಮ ಆಫ್ರಿಕದ ಮಾಲಿ, ಗಿನಿ ಕಡೆಯದು. ಒಂದೇ ಮರದ ದಿಮ್ಮಿಯನ್ನು ಕೊರೆದು, ನಡು ಸಣ್ಣ ಮಾಡಿ, ಬಾಯಿಗೆ ಮೇಕೆಯ ಚರ್ಮ ಬಿಗಿದದ್ದು. ನಮ್ಮ ಬೆಂಗಳೂರಿನಲ್ಲಿ ಗಾಯಕಿ, ನಟಿ ವಸುಂಧರಾ ದಾಸ್ ಮತ್ತು ಜೊತೆಗಾರರು ಇದನ್ನು ಕಂಪನಿಗಳ ಅಂಗಳಕ್ಕೆ ತಂದರು. ದಿನವಿಡೀ ಕಂಪ್ಯೂಟರಿನ ಕೀಲಿ ಒತ್ತಿದ ಬೆರಳುಗಳಿಗೆ ಸಂಜೆ ಜೆಂಬೆ ಬಡಿಯುವ ಸುಖ ಏನೆಂಬುದನ್ನು ಊಹಿಸಬಲ್ಲೆ. ಮ್ಯಾನೇಜರನ್ನು ನೆನೆಸಿಕೊಂಡು ಬಡಿಯಬಹುದು, ಮ್ಯಾನೇಜರೂ ಪಕ್ಕದಲ್ಲೇ ಕೂತು ತಾಳ ಹಾಕುತ್ತಿರುತ್ತಾರೆ.

ಈ ವಿದ್ಯೆ ಹೇಗೋ ಮಸ್ಕಿಗೂ ಬಂತು. ಹೆಣ್ಣುಮಕ್ಕಳ ಸಂಘಗಳದೊಂದು ತರಬೇತಿ. ನಡೆಸಿಕೊಡಲು ಬಂದ ಹುಡುಗ ಬಹಳ ಒಳ್ಳೆಯವನು, ಕುದುರೆಬಾಲದ ಹಾಗೆ ಕೂದಲು ಕಟ್ಟಿಕೊಂಡಿದ್ದ. ಗಾಲಿಯ ಪೆಟ್ಟಿಗೆಗಳಿಂದ ಒಂದೊಂದೇ ಜೆಂಬೆ ಹೊರತೆಗೆದು ಗುಂಡಗೆ ಇಟ್ಟ. ಮುಂದಿನ ಸಾಲಿನಲ್ಲಿದ್ದ ಹಿರಿಯಾಕೆ ಒಂದನ್ನು ಎತ್ತಿ, ತಿರುವಿ, ಬಾಯಿಯ ಮೇಲೆ ಉಗುರಿನಿಂದ ಟಕ್ಕೆಂದು ಹೊಡೆದು ಕೇಳಿದರು: “ಇದನ್ನ ಕಾಸಾಕ ಬೆಂಕಿ ಎಲ್ಲಿ ಹಾಕ್ತೀಯೋ ಯಪ್ಪಾ?”

“ಕಾಸೋದು ಬೇಡ ಅಮ್ಮಾ. ಇದು ಚರ್ಮ ಅಲ್ಲ, ಫೈಬರ್.”

“ಹಂಗಾರ ಬಕೀಟು ಅನ್ನು.”

ಹುಡುಗ ನಕ್ಕ. ನಕ್ಕಿದ್ದಕ್ಕೇ ಅವನು ಅರ್ಧ ಗೆದ್ದ. ನಾನು ಎರಡು ಪೆಟ್ಟು ಹಾಕುತ್ತೇನೆ, ನೀವೂ ಹಾಗೇ ಹಾಕಿ ಎಂದ. ಹಾಕಿದ. ಯಾರೂ ಹಾಕಲಿಲ್ಲ. ಸೆರಗಿನೊಳಗೆ ಕೈ ಇಟ್ಟುಕೊಂಡು ಒಬ್ಬರ ಮುಖ ಒಬ್ಬರು ನೋಡಿದರು, ಪಕ್ಕದವಳ ಭುಜಕ್ಕೆ ಮುಖ ಒತ್ತಿ ನಕ್ಕರು. ಮತ್ತೆ ಹಾಕಿದ. ಆಗ ಬಕೀಟು ಎಂದಿದ್ದ ಆ ಹಿರಿಯಾಕೆಯೇ ಹಾಕಿದರು. ಆಮೇಲೆ ಇನ್ನೊಬ್ಬರು, ಮತ್ತಿಬ್ಬರು, ನೋಡುನೋಡುತ್ತಿದ್ದಂತೆ ಇಡೀ ಸಭಾಂಗಣ. ಇಲ್ಲಿಯ ತನಕ ಎಲ್ಲ ಪುಸ್ತಕದಲ್ಲಿದ್ದಂತೆಯೇ ನಡೆಯಿತು. ಪುಸ್ತಕದಲ್ಲಿ ಇಲ್ಲದ್ದು ಮುಂದಿನದು. ಹುಡುಗ ಕೈ ಎತ್ತಿ ನಿಲ್ಲಿಸಿ ಎಂದು ಸನ್ನೆ ಮಾಡಿದ. ಯಾರೂ ನೋಡಲಿಲ್ಲ. ಅಷ್ಟೊತ್ತಿಗೆ ಅವನು ಕೊಟ್ಟ ನಡೆ ಹೋಗಿ, ಮೊಹರಂ ಹೆಜ್ಜೆಯ ನಡೆ ಬಂದಿತ್ತು. ಮೂಲೆಯಲ್ಲಿ ಇಬ್ಬರು ಎದ್ದು ಸೆರಗು ಸೊಂಟಕ್ಕೆ ಸಿಗಿಸಿಯೂ ಆಗಿತ್ತು. ಹುಡುಗ ಸ್ವಲ್ಪ ಹೊತ್ತು ಕೈ ಮೇಲೆತ್ತಿಕೊಂಡೇ ನಿಂತ, ಆಮೇಲೆ ಜಾಣ, ಕೆಳಗೆ ಕೂತು ಅವರ ನಡೆಯನ್ನು ತಾನು ಹಿಡಿಯಲು ನೋಡಿದ. ಅವನಿಗೆ ಅದು ಸುಲಭಕ್ಕೆ ಸಿಗಲಿಲ್ಲ ಎನ್ನುವುದನ್ನೂ ಹೇಳಬೇಕು.

ಸಿಗುವುದಾದರೂ ಹೇಗೆ? ಈ ಹೆಣ್ಣುಮಕ್ಕಳ ಕೈಗೆ ಲಯ ಯಾರೂ ಕಲಿಸಿದ್ದಲ್ಲ. ಬೆಳಿಗ್ಗೆ ಎದ್ದರೆ ಜೋಳದ ರೊಟ್ಟಿ. ನಮ್ಮ ಕಡೆ ರೊಟ್ಟಿಯನ್ನು ಲಟ್ಟಿಸುವುದಿಲ್ಲ, ಬಡಿಯುತ್ತಾರೆ. ಒಂದು ಕೈ ಬಡಿಯುತ್ತಿದ್ದರೆ ಇನ್ನೊಂದು ಕೈ ಹಿಟ್ಟಿನ ಅಂಚು ತಿರುಗಿಸುತ್ತಿರುತ್ತದೆ. ಲಯ ತಪ್ಪಿದರೆ ರೊಟ್ಟಿ ಹರಿಯುತ್ತದೆ. ಯಾರ ಮನೆಯ ಸದ್ದು ಯಾವುದೆಂದು ಓಣಿಯವರು ಕಣ್ಣು ಮುಚ್ಚಿ ಹೇಳಬಲ್ಲರು. ಅತ್ತೆ ಸೊಸೆಗೆ ಜಗಳವಾದ ದಿನ ಆ ಸದ್ದಿನ ಮಾತ್ರೆಯೇ ಬೇರೆ. ಜಾತ್ರೆ, ದಾಸೋಹ ಬಂದಾಗ ಊರಿನ ಹತ್ತಾರು ಮನೆಯ ಹೆಂಗಸರು ಒಂದೇ ಕಡೆ ಒಲೆ ಹೂಡಿ ಕೂರುತ್ತಾರೆ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲ ಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿ ಹೋಗುವುದು ಹೀಗೆ ಬಡಿದೇ. ಮೊದಲು ಒಬ್ಬೊಬ್ಬರದು ಒಂದೊಂದು ಸದ್ದು, ಅರ್ಧ ಬುಟ್ಟಿ ತುಂಬುವ ಹೊತ್ತಿಗೆ ಎಲ್ಲ ಕೂಡಿ ಒಂದೇ. ಅಷ್ಟೊತ್ತಿಗೆ ಹೊಸದಾಗಿ ಬಂದ ಸೊಸೆಯ ತವರುಮನೆಯ ಸಕಲ ವಿವರವೂ ಹೊರಬಂದಿರುತ್ತದೆ. ಹಿಂದೆ ಒರಳಿನಲ್ಲಿ ಕುಟ್ಟುವಾಗ ಇದು ಇನ್ನೂ ಬಿಗಿಯಾಗಿತ್ತು. ಒಂದೇ ಒರಳಿಗೆ ಇಬ್ಬರ ಒನಕೆ. ನಿನ್ನದು ಎದ್ದಾಗ ನನ್ನದು ಬೀಳಬೇಕು, ತಪ್ಪಿದರೆ ಒನಕೆಗೆ ಒನಕೆ ತಾಗಿ ಮೊಣಕೈ ತನಕ ಜುಮ್ಮೆನ್ನಬೇಕು. ಕುಟ್ಟುವ ಪದಗಳು ಹುಟ್ಟಿದ್ದು ಆ ಭಯದಿಂದಲೂ ಇರಬಹುದು. ಗಿರಣಿ ಬಂದು ಭಯವನ್ನೂ ಪದವನ್ನೂ ಒಟ್ಟಿಗೇ ಒಯ್ದಿತು.

ಕೂಡಿ ಬಡಿಯುವ ಈ ಚಟ ಎಷ್ಟು ಹಳೆಯದು ಎಂದು ಕೇಳಿದರೆ ಬಳ್ಳಾರಿಯ ಕಡೆ ಕೈ ತೋರಿಸಬೇಕಾಗುತ್ತದೆ. ಅಲ್ಲಿ ಸಂಗನಕಲ್ಲಿನ ಹತ್ತಿರ ಕುಪ್ಪಗಲ್ ಗುಡ್ಡದಲ್ಲಿ ಕಪ್ಪು ಡಾಲರೈಟ್ ಬಂಡೆಗಳಿವೆ. ಕಲ್ಲಿನಿಂದ ಬಡಿದರೆ ಗಂಟೆಯ ಹಾಗೆ ನುಡಿಯುತ್ತವೆ. ಬಡಿದು ಬಡಿದು ಬಿದ್ದ ಗುಳಿಗಳು ಅವುಗಳ ಮೈಮೇಲೆ ಇಂದಿಗೂ ಇವೆ, ಪಕ್ಕದಲ್ಲೇ ಹೋರಿಗಳ ಚಿತ್ರ ಕೆತ್ತಿದೆ. 2004ರಲ್ಲಿ ನಿಕೋಲ್ ಬೊಯಿವಿನ್ ಎಂಬ ಪುರಾತತ್ವಜ್ಞೆ ಇವುಗಳ ಬಗ್ಗೆ ಬರೆದಾಗ ಹೊರಗಿನವರಿಗೆ ಬಹಳ ಆಶ್ಚರ್ಯವಾಯಿತು. ನವಶಿಲಾಯುಗದ ದನಗಾಹಿಗಳು ಕಟ್ಟಿಕೊಂಡ ವಾದ್ಯಶಾಲೆ ಅದು. ಕಾಸುವ ಗೊಡವೆ ಇಲ್ಲ, ಹೊತ್ತು ತರುವ ಗೊಡವೆಯೂ ಇಲ್ಲ, ವಾದ್ಯ ಇರುವಲ್ಲಿಗೆ ಜನ ಹತ್ತಿಬರಬೇಕು. ಹತ್ತಿಬಂದವರಿಗೆ ಪರಿಚಯದ ಅಗತ್ಯ ಇರಲಾರದು, ಏದುಸಿರಿನಲ್ಲೇ ಅರ್ಧ ಸ್ನೇಹ ಆಗಿರುತ್ತದೆ.

ಮಸ್ಕಿಗೆ ಬಂದವರನ್ನು ಅಶೋಕನ ಶಾಸನ ತೋರಿಸದೆ ಕಳಿಸುವ ರೂಢಿ ನಮ್ಮಲ್ಲಿಲ್ಲ. ಆ ಹುಡುಗನನ್ನೂ ಸಂಜೆ ಕರೆದೊಯ್ದೆವು. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರು ನಿಜಾಮರ ರಾಜ್ಯದಲ್ಲಿ ಚಿನ್ನ ಹುಡುಕುತ್ತ ಅಲೆಯುವಾಗ ಕಂಡ ಬಂಡೆ ಇದು. ಹತ್ತಿರದ ಹಟ್ಟಿಯಲ್ಲಿ ಚಿನ್ನ ಈಗಲೂ ತೆಗೆಯುತ್ತಾರೆ; ಇಲ್ಲಿ ಅವನಿಗೆ ಸಿಕ್ಕಿದ್ದು ಅಶೋಕ. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರನ್ನೂ ಮೊದಲ ಬಾರಿಗೆ ತೋರಿಸಿದ ಕಲ್ಲೆಂದು ಮಸ್ಕಿಯ ಮಕ್ಕಳೆಲ್ಲ ಪರೀಕ್ಷೆಯಲ್ಲಿ ಬರೆದು ಎರಡು ಅಂಕ ಪಡೆಯುತ್ತಾರೆ. ಕಲ್ಲಿನಲ್ಲಿ ಏನಿದೆ ಎಂದು ಕೇಳಿದರೆ ಮಾತ್ರ ಶಾಸನಕ್ಕೆ ಹಾಕಿದ ಜಾಲರಿಯ ಕಡೆ ನೋಡುತ್ತಾರೆ. ನನಗೆ ಇಷ್ಟವಾಗುವುದು ಅದರೊಳಗಿನ ಸಂಗತಿಯೇ. ಜಂಬೂದ್ವೀಪದಲ್ಲಿ ಈವರೆಗೆ ಜನರೊಡನೆ ಬೆರೆಯದೆ ಇದ್ದ ದೇವತೆಗಳು ಈಗ ಬೆರೆತಿದ್ದಾರೆ, ಇದು ದೊಡ್ಡವರಿಂದ ಮಾತ್ರ ಆಗುವುದೆಂದು ತಿಳಿಯಬೇಡಿ, ಧರ್ಮದಲ್ಲಿ ಮನಸ್ಸಿಟ್ಟರೆ ಸಣ್ಣವರಿಗೂ ಆದೀತು ಎಂಬ ಅರ್ಥದ ಮಾತು. ದೇವತೆಗಳನ್ನು ಬೆರೆಸಿದ ಅಶೋಕ ಅಧಿಕಾರಿಗಳನ್ನು ಬೆರೆಸುವುದು ಹೇಗೆಂದು ಬರೆಸಿಲ್ಲ. ಆದರೆ ಅವನಿಗೂ ಡೋಲಿನ ಮೇಲೆ ನಂಬಿಕೆ ಇತ್ತು. ಕರ್ನೂಲು ಕಡೆಯ ಎರ್ರಗುಡಿಯ ಬಂಡೆಯ ಮೇಲೆ, ರಜ್ಜುಕನೆಂಬ ಅಧಿಕಾರಿ ಭೇರಿ ಬಾರಿಸಿ ನಾಡಿನ ಜನರಿಗೆ ಆಜ್ಞೆ ತಿಳಿಸಬೇಕೆಂದು ಇದೆ. ಇನ್ನೊಂದು ಶಾಸನದಲ್ಲಿ, ತನ್ನ ಕಾಲಕ್ಕೆ ಭೇರಿಯ ಘೋಷ ಧರ್ಮದ ಘೋಷವಾಯಿತು ಎಂದು ಹೆಮ್ಮೆಪಟ್ಟಿದ್ದಾನೆ. ಯುದ್ಧಕ್ಕೆ ಕರೆಯುತ್ತಿದ್ದ ಭೇರಿಯೇ ಕೂಡಿಸಲೂ ಬಂತು ಎನ್ನುವುದು ಅವನ ಲೆಕ್ಕ. ಹುಡುಗ ಇದನ್ನೆಲ್ಲ ಕೇಳಿ, “ಸರ್, ಇದನ್ನು ನನ್ನ ಪ್ರೆಸೆಂಟೇಶನ್‌ನಲ್ಲಿ ಹಾಕ್ಕೊಳ್ಳಲಾ?” ಎಂದ. ಧಾರಾಳವಾಗಿ ಹಾಕ್ಕೋ ಎಂದೆ. ಅಶೋಕನ ಕಡೆಯಿಂದ ತಕರಾರು ಬರುವ ಹಾಗಿಲ್ಲ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಒಂದು ಕೋಣೆಯೊಳಗೆ ಜನ ಸೇರಿಸಿದರೆ ಎಷ್ಟು ಭಾಷೆ ಸೇರುತ್ತವೆ ಎನ್ನುವುದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಆಂಧ್ರದಿಂದ ರೈತರು ಬಂದು ಗದ್ದೆ ಮಾಡಿದರು. ಅವರ ಊರುಗಳಿಗೆಲ್ಲ ಕ್ಯಾಂಪ್ ಎಂದೇ ಹೆಸರು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಆರ್.ಎಚ್. ಕ್ಯಾಂಪುಗಳು ಸಿಂಧನೂರು ತಾಲೂಕಿನಲ್ಲಿವೆ. ತಾಂಡಾಗಳಲ್ಲಿ ಲಂಬಾಣಿ, ಮುದಗಲ್ಲಿನ ಓಣಿಗಳಲ್ಲಿ ಉರ್ದು. ಮಾತಿನ ಪರಿಚಯ ಇಲ್ಲಿ ಅನುವಾದದಲ್ಲೇ ಸುಸ್ತಾಗುತ್ತದೆ. ಬಡಿಯುವುದರಲ್ಲಿ ಆ ಸುಸ್ತಿಲ್ಲ. ಲಂಬಾಣಿ ಅಜ್ಜಿಗೆ ನಗಾರಿ ಮತ್ತು ಕಂಚಿನ ತಾಟು ಸಾಕು. ಬಂಗಾಳಿಗಳ ಕೀರ್ತನೆಗೆ ಖೋಲ್, ದುರ್ಗಾಪೂಜೆಗೆ ಢಾಕ್. ಕುರುಬರ ಓಣಿಯಲ್ಲಿ ಡೊಳ್ಳು. ಇವರನ್ನೆಲ್ಲ ಗುಂಡಗೆ ಕೂರಿಸಿ ಜೆಂಬೆ ಕೊಟ್ಟರೆ ಆಫ್ರಿಕದ ವಾದ್ಯದಿಂದ ಐದು ಸೀಮೆಯ ಸದ್ದು ಬರುತ್ತದೆ. ಜೆಂಬೆಯಲ್ಲಿ ಒಂದು ಅನುಕೂಲ ಇದೆ, ಅದನ್ನು ಒಪ್ಪಬೇಕು: ಅದು ಇಲ್ಲಿ ಯಾರ ಜಾತಿಯದೂ ಅಲ್ಲ.

ಹಲಗೆಯ ವಿಷಯ ಹಾಗಲ್ಲ. ಅಂದು ಬೆಳಿಗ್ಗೆ ಅತಿಥಿಗಳನ್ನು ಗೇಟಿನಿಂದ ವೇದಿಕೆಗೆ ಕರೆತರಲು ಹಲಗೆಯವರನ್ನು ಕರೆಸಿದ್ದರು. ಅಷ್ಟು ದೂರ ಬಡಿದು, ಅವರು ಹೊರಗೆ ಬೇವಿನ ಮರದ ಕೆಳಗೆ ಊಟದ ಹೊತ್ತಿಗೆ ಕಾಯುತ್ತ ಕೂತಿದ್ದರು. ಒಳಗೆ ಬಡಿಯುವುದನ್ನು ಕಲಿಸುತ್ತಿದ್ದರು. ಈ ತಮಾಷೆ ಸಂಘಟಕರಿಗೆ ಹೊಳೆಯಲಿಲ್ಲ, ಮರದ ಕೆಳಗಿದ್ದವರಿಗೆ ಹೊಳೆದಿತ್ತು. ಅವರಲ್ಲಿ ಹಿರಿಯರೊಬ್ಬರು ಕಿಟಕಿಯಿಂದ ಇಣುಕಿ, “ಆ ಹುಡುಗನ ಎಡಗೈ ಏಟು ಸರಿ ಬೀಳವಲ್ದು” ಎಂದು ಬೀಡಿ ಹಚ್ಚಿದರು.

ಹಳ್ಳಿಯಲ್ಲಿ ಹಲಗೆ ಎಂದೂ ಜನರನ್ನು ಗುಂಡಗೆ ಕೂರಿಸಿದ ವಾದ್ಯವಲ್ಲ. ಬಡಿಯುವವರು ಇಂಥವರು, ಕುಣಿಯುವವರು ಇಂಥವರು, ದೂರ ನಿಂತು ನೋಡುವವರು ಇಂಥವರು ಎಂದು ಅದೇ ಗೆರೆ ಎಳೆಯುತ್ತಿತ್ತು. ಡಂಗುರಕ್ಕೆ, ಜಾತ್ರೆಗೆ, ಹೆಣದ ಮುಂದೆ ಮಾದಿಗರ ಕೇರಿಯವರೇ ಬಡಿಯಬೇಕಿತ್ತು. ಕೊಟ್ಟದ್ದು ಕಾಳು, ಒಲ್ಲೆ ಎನ್ನುವ ಹಾಗಿರಲಿಲ್ಲ. ದಲಿತ ಚಳವಳಿ ಬೆಳೆದ ಮೇಲೆ ಎಷ್ಟೋ ಊರುಗಳಲ್ಲಿ ಒಲ್ಲೆ ಎಂದರು. ಅದೇ ಚಳವಳಿಯ ಮೆರವಣಿಗೆಗಳಲ್ಲಿ ಅದೇ ಹಲಗೆ ಎಲ್ಲರಿಗಿಂತ ಮುಂದೆ ನಡೆಯಿತು. ಅದೇ ಚರ್ಮ, ಅವೇ ಎರಡು ಕಡ್ಡಿ. ಬಾ ಎಂದಾಗ ಬಡಿಯುವುದಕ್ಕೂ ಬರುತ್ತೇನೆ ಎಂದು ಬಡಿಯುವುದಕ್ಕೂ ಕಿವಿಗೆ ತಿಳಿಯುವ ವ್ಯತ್ಯಾಸ ಇದೆ. ಗೆರೆ ಸ್ವಲ್ಪ ಅಳಿಸುವುದು ಮೊಹರಂನಲ್ಲಿ. ಮುದಗಲ್ಲಿನ ಮೊಹರಂಗೆ ಸುತ್ತ ಜಿಲ್ಲೆಗಳಿಂದ ಜನ ಬರುತ್ತಾರೆ, ಹರಕೆ ಹೊತ್ತವರಲ್ಲಿ ಹಿಂದೂಗಳೇ ಎಷ್ಟೋ ಮಂದಿ. ಅಲಾಯಿ ಕುಣಿಯ ಬೆಂಕಿಯ ಸುತ್ತ ತಾಸೆ, ಹಲಗೆಯ ಸದ್ದಿಗೆ ಹೆಜ್ಜೆ ಹಾಕುವಾಗ ಪಕ್ಕದವನ ಹೆಸರು ಕೇಳುವ ವ್ಯವಧಾನ ಇರುವುದಿಲ್ಲ, ಹೆಸರು ತಿಳಿಯದೆಯೇ ಅವನ ಹೆಗಲ ಮೇಲೆ ಕೈ ಬಿದ್ದಿರುತ್ತದೆ. ಕುಣಿತ ಮುಗಿದ ಮರುದಿನ ಗೆರೆ ಮತ್ತೆ ಮೂಡುತ್ತದೆ, ಅದೂ ನಿಜ.

ವಿಜ್ಞಾನಿಗಳೂ ಇದನ್ನು ಬಿಟ್ಟಿಲ್ಲ. ಇಂಗ್ಲೆಂಡಿನಲ್ಲಿ ವಯಸ್ಕರ ಸಂಜೆ ತರಗತಿಗಳ ಮೇಲೆ ಐಲುನೆಡ್ ಪಿಯರ್ಸ್, ರಾಬಿನ್ ಡನ್ಬಾರ್ ಮತ್ತು ಜೊತೆಗಾರರು ಏಳು ತಿಂಗಳ ಅಧ್ಯಯನ ನಡೆಸಿ 2015ರಲ್ಲಿ ಪ್ರಕಟಿಸಿದರು. ಕೆಲವರು ಹಾಡು ಕಲಿಯಲು ಬಂದವರು, ಕೆಲವರು ಕರಕುಶಲ, ಕೆಲವರು ಬರವಣಿಗೆ. ಹಾಡುವ ಗುಂಪಿನವರು ಬೇಗ ಹತ್ತಿರವಾದರು. ಆದರೆ ಏಳು ತಿಂಗಳ ಕೊನೆಗೆ ಉಳಿದವರೂ ಅಷ್ಟೇ ಹತ್ತಿರ ಬಂದಿದ್ದರು. ಅಂದರೆ ಕೂಡಿ ಹಾಡುವುದರಿಂದ, ಬಡಿಯುವುದರಿಂದ ಸ್ನೇಹ ದೊಡ್ಡದಾಗುತ್ತದೆ ಅಂತಲ್ಲ, ಬೇಗ ಆಗುತ್ತದೆ ಅಷ್ಟೇ. ಎರಡೇ ದಿನದ ತರಬೇತಿಗೆ ಬೇಗ ಆಗುವುದೇ ಬೇಕು. ಜನ್ಮವಿಡೀ ಒಂದೇ ಓಣಿಯಲ್ಲಿ ಇರುವವರಿಗೆ ಹೊಲಿಗೆಯೂ ನಡೆಯುತ್ತದೆ. ಇನ್ನೊಂದು ಪ್ರಯೋಗ 2009ರದು, ಜರ್ಮನಿಯಲ್ಲಿ ಕಿರ್ಷ್ನರ್ ಮತ್ತು ಟೊಮಸೆಲ್ಲೊ ನಡೆಸಿದ್ದು. ಎರಡೂವರೆ ವರ್ಷದ ಕೂಸುಗಳೂ ಎದುರಿಗೆ ಮನುಷ್ಯರು ಕೂತು ಬಡಿದರೆ ತಾಳ ಸರಿಯಾಗಿ ಹಿಡಿದವು, ಯಂತ್ರ ಬಡಿದರೆ ಅಷ್ಟಾಗಿ ಹಿಡಿಯಲಿಲ್ಲ. ಇದನ್ನು ಓದಿದಂದಿನಿಂದ ಮದುವೆ ಮೆರವಣಿಗೆಯ ಡಿಜೆ ಕಂಡರೆ ನನಗಿದ್ದ ಸಿಟ್ಟಿಗೆ ಒಂದು ಆಧಾರ ಸಿಕ್ಕ ಹಾಗಾಗಿದೆ. ಮೊದಲು ಅದು ಬರೀ ವಯಸ್ಸಿನ ಸಿಟ್ಟಾಗಿತ್ತು.

ಆ ದಿನದ ಮಾತಿಗೆ ಮರಳಿದರೆ, ಊಟದ ಮೇಲೆ ಯಾರೋ ಪುಣ್ಯಾತ್ಮರು ಹಲಗೆಯವರನ್ನು ಒಳಗೆ ಕರೆಯಿರಿ ಎಂದರು. ಆ ಹಿರಿಯರು ಬಂದರು. ಬಂದವರು ಕೂಡಲೇ ಬಡಿಯಲಿಲ್ಲ. “ತಣ್ಣಗಾಗ್ಯಾವ, ಕಾಸಬೇಕ್ರೀ” ಎಂದರು. ಎಲ್ಲರೂ ಅಂಗಳಕ್ಕೆ ಎದ್ದರು. ಒಣ ಹುಲ್ಲು ತಂದು ಬೆಂಕಿ ಮಾಡಿದರು. ಹಲಗೆಯನ್ನು ಬೆಂಕಿಯ ಮುಂದೆ ತಿರುಗಿಸುತ್ತ, ಬೆರಳಿನಿಂದ ತಟ್ಟಿ ಕಿವಿಗೊಟ್ಟು, ಮತ್ತೆ ತಿರುಗಿಸುತ್ತ ಅವರು ಕೂತರು. ಚರ್ಮ ಬಿಗಿಯಾಗುವ ತನಕ ಯಾರಿಗೂ ಬೇರೆ ಕೆಲಸವಿಲ್ಲ. ಸುತ್ತ ನಿಂತ ಹೆಂಗಸರು ಮಾತಿಗೆ ಹತ್ತಿದರು. ಹುಲ್ಲು ಭತ್ತದ್ದೋ ಸಜ್ಜೆಯದೋ, ಕ್ಯಾಂಪಿನಲ್ಲಿ ಈ ಸಲ ನೀರು ಬಂತೋ ಇಲ್ಲವೋ, ನಿಮ್ಮ ಮಗನಿಗೆ ಹೆಣ್ಣು ನೋಡಿದಿರಾ ಎಂಬಲ್ಲಿಗೆ ಮುಟ್ಟಿತು. ಬೆಳಿಗ್ಗೆ ಎದ್ದು ನಿಂತು ಹೇಳಿ ಮರೆಸಿದ ಹೆಸರುಗಳೆಲ್ಲ ಈಗ ತಾವಾಗಿ ಬಾಯಿಗೆ ಬಂದವು. ಕುದುರೆಬಾಲದ ಹುಡುಗ ಹಿರಿಯರ ಪಕ್ಕ ಕುಕ್ಕರುಗಾಲಲ್ಲಿ ಕೂತು, ಯಾವ ಸದ್ದು ಬಂದರೆ ಕಾದಿದೆ ಎಂದು ಲೆಕ್ಕ ಎಂದು ಕೇಳುತ್ತಿದ್ದ. ಬಡಿತ ಶುರುವಾಗುವ ಮೊದಲೇ ಬಡಿತದಿಂದ ಆಗಬೇಕಾದ ಕೆಲಸ ಮುಗಿದಿತ್ತು ಎಂದು ನನ್ನ ಅಭಿಪ್ರಾಯ. ಫೈಬರಿನ ವಾದ್ಯಕ್ಕೆ ಇರುವ ದೊಡ್ಡ ಕೊರತೆ ಇದು, ಅದು ಯಾವಾಗಲೂ ಸಿದ್ಧವಾಗಿರುತ್ತದೆ.

ಹಲಗೆ ಕಾದ ಮೇಲೆ ಹಿರಿಯರು ತಾವು ನಾಲ್ಕು ನಡೆ ಬಡಿದು, ಪಟ್ಟಿಯನ್ನು ಹೆಗಲಿಂದ ತೆಗೆದು, ಅತಿಥಿಯಾಗಿ ಬಂದಿದ್ದ ತಾಲೂಕಿನ ಅಧಿಕಾರಿಯ ಮುಂದೆ ಹಿಡಿದರು. “ತಗೋರಿ ಸಾಹೇಬ್ರ, ಒಂದೀಟು ನೀವು ಬಡೀರಿ.” ಸಾಹೇಬರು ಸುತ್ತ ನೋಡಿದರು. ಬೆಳಿಗ್ಗೆ ಜೆಂಬೆ ಹಿಡಿದು ಫೋಟೊ ತೆಗೆಸಿಕೊಂಡವರೇ ಅವರು. ಜೆಂಬೆ ಹಿಡಿಯಲು ಬೇಕಾಗದ ಯೋಚನೆ ಹಲಗೆ ಹಿಡಿಯಲು ಬೇಕಾಯಿತು. ಹೆಂಗಸರೆಲ್ಲ ನೋಡುತ್ತಿದ್ದರು, ಅವರಿಗೆ ಎಲ್ಲ ಗೊತ್ತಿತ್ತು. ಕೊನೆಗೆ ಸಾಹೇಬರು ಪಟ್ಟಿ ಹೆಗಲಿಗೆ ಹಾಕಿಕೊಂಡರು, ಅಂಗಿಯ ಜೇಬಿನ ಪೆನ್ನು ತೆಗೆದು ಯಾರದೋ ಕೈಗೆ ಕೊಟ್ಟು ಬಡಿದರು. ಬಹಳ ಕೆಟ್ಟದಾಗಿ ಬಡಿದರು. “ಉದ್ದನ ಕಡ್ಡಿ ಎಡಗೈಯಾಗ ಹಿಡೀರಿ, ಮುಂಗೈ ಸಡ್ಲ ಬಿಡ್ರಿ” ಎಂದು ಹಿರಿಯರು ಅವರ ಮೊಣಕೈ ಹಿಡಿದು ತಿದ್ದಿದರು. ತಾಲೂಕಿನಲ್ಲಿ ಸಾಹೇಬರ ಮೊಣಕೈ ಹಿಡಿದು ತಿದ್ದಿದವರು ಅದಕ್ಕೆ ಮೊದಲು ಇರಲಾರರು. ಕುಣಿಯುವವರು ಸಾಹೇಬರ ತಪ್ಪು ತಾಳಕ್ಕೇ ಹೆಜ್ಜೆ ಹೊಂದಿಸಿಕೊಂಡು ಕುಣಿದರು, ಅದು ಕಲಿತವರಿಗಷ್ಟೇ ಆಗುವ ಕೆಲಸ.

ಮುಂದಿನ ತಿಂಗಳ ತರಬೇತಿಗೂ ಬನ್ನಿ, ಹೀಗೆಯೇ ಎಲ್ಲರಿಗೂ ಕಲಿಸಿ ಎಂದು ಸಂಘಟಕರು ಹಿರಿಯರನ್ನು ಕೇಳಿಕೊಂಡರು. ಬೀಡಿ ಆರಿಸಿ ಅವರು ಹೇಳಿದರು: “ಬಡಿಯಾಕ ಒಂದು ರೇಟು, ಕಲಸಾಕ ಇನ್ನೊಂದು ರೇಟು. ಆ ಹುಡುಗಗ ಎಷ್ಟು ಕೊಟ್ಟೀರಿ?” ಎಷ್ಟೆಂದು ಯಾರೂ ಹೇಳಲಿಲ್ಲ. ಲೆಕ್ಕ ಬರೆಯುವವರಿಗೆ ಆಗ ನಿಜವಾದ ಇಕ್ಕಟ್ಟು. ಇಷ್ಟು ವರ್ಷ ಹಲಗೆಯವರ ಖರ್ಚನ್ನು ಹಾರ, ಪೆಂಡಾಲು, ನೀರಿನ ಕ್ಯಾನುಗಳ ಜೊತೆ ‘ಇತರೆ ವೆಚ್ಚ’ದ ಬಾಬತ್ತಿಗೆ ಹಾಕುತ್ತಿದ್ದರು. ಕಲಿಸುವವರಾದರೆ ಸಂಪನ್ಮೂಲ ವ್ಯಕ್ತಿ. ಗೌರವಧನ, ರಸೀದಿ, ಬ್ಯಾಂಕ್ ಖಾತೆ, ಪ್ಯಾನ್ ಕಾರ್ಡು ಎಲ್ಲ ಬೇಕು. “ಕಾಕಾ, ನಿಮ್ಮ ಪ್ಯಾನ್ ಕಾರ್ಡ್ ಐತೇನ್ರೀ?” ಎಂದು ಅವರು ಕೇಳಿದರು. “ಮಾಡಿಸ್ತೀನಿ ತಗೋರಿ. ಅದರಾಗ ಫೋಟೊ ಹಲಗಿ ಹಿಡ್ಕೊಂಡು ತೆಗಸ್ಲೇನು?” ಎಂದರು ಹಿರಿಯರು.